ಮೊಗ್ಲಿ ಬಂದ, ಇಕ್ಯು ಬರಲಿಲ್ಲ

ಮೈಸೂರಿನ ದಟ್ಟಗಳ್ಳಿಗೆ ಜಪಾನ್ ಬಂದದ್ದು ಹಿಂದಿಯಲ್ಲಿ. 1993ರ ಸುಮಾರಿಗೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೊಗ್ಲಿಯ ‘ಜಂಗಲ್ ಬುಕ್’ ಶುರುವಾದಾಗ ಅದು ಜಪಾನಿನ ಸರಕು ಎಂದು ನಮ್ಮ ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಥೆ ಬರೆದವನು ಇಂಗ್ಲಿಷಿನವನು, ಕಾಡು ಇಂಡಿಯಾದ್ದು, ಮಾತು ಹಿಂದಿ, ಹಾಡು ಗುಲ್ಜಾರರದು, ರಾಗ ವಿಶಾಲ್ ಭಾರದ್ವಾಜರದು. ಇದರ ಮಧ್ಯೆ ಜಪಾನಿಗೆ ಜಾಗವೆಲ್ಲಿ? ನಿಪ್ಪಾನ್ ಅನಿಮೇಷನ್ ಎಂಬ ಸ್ಟುಡಿಯೊ ಮಾಡಿ, 1989ರಲ್ಲಿ ಟಿ.ವಿ. ಟೋಕಿಯೊ ತನ್ನೂರಿನ ಮಕ್ಕಳಿಗೆ ತೋರಿಸಿದ 52 ಕಂತುಗಳ ಧಾರಾವಾಹಿ ಅದು ಎಂದು ಗೊತ್ತಾಗುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು.

ಆಗ ದಟ್ಟಗಳ್ಳಿ ಅಂದರೆ ಹಳೇ ಊರು, ಊರ ಸುತ್ತ ಹೊಲ, ಹೊಲದ ನಡುವೆ ಸೈಟು ಕಲ್ಲು. ಮನೆಗಳು ಅಲ್ಲೊಂದು ಇಲ್ಲೊಂದು. ಏನು ಬೇಕಾದರೂ ಕುವೆಂಪುನಗರಕ್ಕೆ ಹೋಗಬೇಕು. ಮಳೆ ಬಂದರೆ ಸೈಕಲ್ ಮಡ್‌ಗಾರ್ಡಿಗೆ ಮಣ್ಣು ಕಚ್ಚಿಕೊಂಡು ಚಕ್ರ ತಿರುಗುತ್ತಿರಲಿಲ್ಲ. ಕಡ್ಡಿ ಹಾಕಿ ಕೆರೆದು ಮುಂದೆ ಹೋಗಬೇಕಿತ್ತು. ಇದನ್ನೆಲ್ಲ ಚಂದದ ಕಾಲ ಅಂತ ಈಗ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅವರ ಸೈಕಲ್ ಬಹುಶಃ ಡಾಂಬರು ರೋಡಿನಲ್ಲೇ ಓಡಾಡಿರಬೇಕು.

ಟಿ.ವಿ. ಇದ್ದದ್ದು ಮೇಷ್ಟ್ರ ಮನೆಯಲ್ಲಿ. ಮರದ ಶಟರ್ ಇದ್ದ ಕಪ್ಪು ಬಿಳುಪು ಪೆಟ್ಟಿಗೆ. ಹಾಗಾಗಿ ನಮ್ಮ ಮಟ್ಟಿಗೆ ಬಘೀರ ಒಬ್ಬ ಕಪ್ಪು, ಮಿಕ್ಕವರೆಲ್ಲ ಬೂದು. ಹಿಂದಿ ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಮೇಷ್ಟ್ರಿಗೆ ಬರುತ್ತಿತ್ತು ಎಂಬ ನಂಬಿಕೆ ಇತ್ತು.

“ಏನಂದ ಮೇಷ್ಟ್ರೇ ಅವ್ನು?”

“ಸುಮ್ನೆ ನೋಡ್ಲಾ, ಹುಲಿ ಬತ್ತದೆ.”

ಹುಲಿ ಬರುತ್ತಿತ್ತು. ಅದಕ್ಕೆ ದನಿ ಕೊಟ್ಟವರು ನಾನಾ ಪಾಟೇಕರ್ ಎಂಬುದನ್ನು ಆಮೇಲೆ ಎಲ್ಲೋ ಓದಿದೆ. ಸೋಮವಾರ ಸ್ಕೂಲಿನಲ್ಲಿ ಹಿಂದಿ ಹಾಡನ್ನು ನಾವೆಲ್ಲ ಒಟ್ಟಿಗೆ ಹಾಡುತ್ತಿದ್ದೆವು, ಒಂದು ಸಾಲಿನ ಅರ್ಥವೂ ತಿಳಿಯದೆ. ಮೂವತ್ತು ವರ್ಷ ಕಳೆದ ಮೇಲೆ ಅದೇ ಧಾರಾವಾಹಿಯನ್ನು ಬಣ್ಣದಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡಿದೆ. ನಿಜ ಹೇಳಬೇಕೆಂದರೆ ಸಾಧಾರಣ ಕೆಲಸ. ಅದೇ ಓಟ, ಅದೇ ಮರ ಮತ್ತೆ ಮತ್ತೆ ಬರುತ್ತವೆ. ಉತ್ತಮವಾದದ್ದು ಅಂತ ಮೊಗ್ಲಿ ನಮ್ಮಲ್ಲಿಗೆ ಬರಲಿಲ್ಲ. ಕಥೆ ಇಂಡಿಯಾದ್ದು, ಇಲ್ಲಿ ನಡೆಯುತ್ತೆ ಅಂತ ಬಂದ.

ಬಾರದೇ ಹೋದವರ ಪೈಕಿ ನನಗೆ ಹೆಚ್ಚು ಬೇಜಾರು ತರಿಸುವವನು ಇಕ್ಯು. ‘ಇಕ್ಯು-ಸಾನ್’ ತೋಯೆ ಸ್ಟುಡಿಯೊದ ಧಾರಾವಾಹಿ. 1975ರಿಂದ 1982ರವರೆಗೆ ನಡೆಯಿತು, 296 ಕಂತು. ಇಕ್ಯು ಎಂಬ ನಿಜವಾದ ಝೆನ್ ಸನ್ಯಾಸಿಯ ಬಾಲ್ಯದ ಸುತ್ತ ಹೆಣೆದ ಜನಪದ ಕಥೆಗಳು ಅದಕ್ಕೆ ಆಧಾರ. ತಲೆ ಬೋಳಿಸಿಕೊಂಡ ಪುಟ್ಟ ಹುಡುಗ, ಬಡ ಗುಡಿಯೊಂದರಲ್ಲಿ ಕಸ ಗುಡಿಸಿಕೊಂಡಿರುತ್ತಾನೆ. ಊರಾಳುವ ಶೋಗನ್ ಯೋಶಿಮಿತ್ಸುಗೆ ಇವನನ್ನು ಸೋಲಿಸುವುದೇ ಹುಚ್ಚು. ಒಂದು ದಿನ ಕರೆಸಿ, ಮಡಿಸುವ ತೆರೆಯ ಮೇಲೆ ಬರೆದ ಹುಲಿಯನ್ನು ತೋರಿಸಿ, ಇದನ್ನು ಕಟ್ಟಿಹಾಕು ಅನ್ನುತ್ತಾನೆ. ಹುಡುಗ ಹಗ್ಗ ಕೇಳುತ್ತಾನೆ, ತೋಳು ಮೇಲೇರಿಸಿ ತೆರೆಯ ಮುಂದೆ ನಿಲ್ಲುತ್ತಾನೆ. ನಾನು ತಯಾರು, ಹುಲಿಯನ್ನು ಆ ಕಡೆಯಿಂದ ಯಾರಾದರೂ ಆಚೆಗೆ ಓಡಿಸಿ ಅನ್ನುತ್ತಾನೆ. ಕೃಷ್ಣದೇವರಾಯನ ಆಸ್ಥಾನದಲ್ಲಿ ತೆನಾಲಿ ರಾಮಕೃಷ್ಣ ಮಾಡುತ್ತಿದ್ದದ್ದೂ ಇದೇ ಕೆಲಸ, ವಯಸ್ಸು ಮಾತ್ರ ಬೇರೆ. ಈ ಕಥೆ ಕನ್ನಡದ ಮಗುವಿಗೆ ಅರ್ಥವಾಗಲು ಜಪಾನಿನ ಬಗ್ಗೆ ಒಂದಕ್ಷರ ಗೊತ್ತಿರಬೇಕಿಲ್ಲ.

ಯೋಚನೆಗೆ ಕೂರುವ ದೃಶ್ಯ ಪ್ರತಿ ಸಲವೂ ಒಂದೇ. ಇಕ್ಯು ಪದ್ಮಾಸನ ಹಾಕುತ್ತಾನೆ, ಎರಡು ತೋರುಬೆರಳಿಗೂ ಉಗುಳು ಹಚ್ಚಿಕೊಂಡು ಬೋಳುತಲೆಯ ಮೇಲೆ ಗುಂಡಗೆ ತಿರುವುತ್ತಾನೆ, ಕಣ್ಣು ಮುಚ್ಚುತ್ತಾನೆ. ಗುಡಿಯ ಮರದ ತಮಟೆ ಟೊಕ್ ಟೊಕ್ ಎಂದು ಬಡಿಯುತ್ತಿರುತ್ತದೆ. ಉಪಾಯ ಹೊಳೆದಾಗ ಗಂಟೆ ‘ಠಣ್’ ಅನ್ನುತ್ತದೆ. ಮಕ್ಕಳನ್ನು ಕಾಯಿಸುವ ಕಲೆ ಆ ಸ್ಟುಡಿಯೊದವರಿಗೆ ಚೆನ್ನಾಗಿ ಗೊತ್ತಿತ್ತು. ನಗಿಸುವುದೇ ಕೆಲಸವಾದರೂ ಧಾರಾವಾಹಿಯಲ್ಲಿ ಒಂದು ನೋವೂ ಉಂಟು: ಹುಡುಗನನ್ನು ತಾಯಿಯಿಂದ ದೂರ ಇಟ್ಟಿದ್ದಾರೆ. ಅವಳು ಕೊಟ್ಟ ಬಟ್ಟೆಗೊಂಬೆಯೊಂದು ಗುಡಿಯ ಮರಕ್ಕೆ ನೇತುಬಿದ್ದಿರುತ್ತದೆ, ಅದರ ಜೊತೆ ಅವನು ಮಾತಾಡುತ್ತಾನೆ. ಆ ಭಾಗವನ್ನು ಎಲ್ಲೂ ಎಳೆಯುವುದಿಲ್ಲ. ನಮ್ಮ ಧಾರಾವಾಹಿಯವರ ಕೈಗೆ ಸಿಕ್ಕಿದ್ದರೆ ತಾಯಿ ವಾರಕ್ಕೆ ಐದು ದಿನ ಅಳುತ್ತಿದ್ದಳು.

ಇಕ್ಯುವನ್ನು ನಾನು ನೋಡಿದ್ದು 2000ದ ದಶಕದಲ್ಲಿ, ಎಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನ ಗೆಳೆಯನ ಹಾರ್ಡ್ ಡಿಸ್ಕಿನಲ್ಲಿ. ಹಾಸ್ಟೆಲ್ ಪೂರ್ತಿ ಒಂದೇ ಲ್ಯಾನ್. ಯಾರೋ ತಂದದ್ದು ಎಲ್ಲರದೂ ಆಗುತ್ತಿತ್ತು. ಕಂತುಗಳು ಹಿಂದೆ ಮುಂದೆ, ಕೆಲವಕ್ಕೆ ಸಬ್‌ಟೈಟಲ್ ಉಂಟು, ಕೆಲವಕ್ಕೆ ಇಲ್ಲ. ಚೀನಾದಲ್ಲೂ ಥಾಯ್ಲೆಂಡಿನಲ್ಲೂ ಇಕ್ಯು ಮನೆಮಾತು ಎಂದು ಆಮೇಲೆ ತಿಳಿಯಿತು. ಆದರೂ ‘ಹೊರದೇಶಕ್ಕೆ ಹೋಗದ ಹಳೇ ಅನಿಮೆ’ಗಳ, ಅಂದರೆ ಜಪಾನಿನ ಕಾರ್ಟೂನುಗಳ, ಪಟ್ಟಿಗಳಲ್ಲಿ ಇಂಥವು ನುಸುಳುತ್ತಲೇ ಇರುತ್ತವೆ. ಪಟ್ಟಿ ಮಾಡುವವರಿಗೆ ಹೊರದೇಶವೆಂದರೆ ಅಮೆರಿಕ. 1974ರ ‘ಹೈಡಿ’ಯನ್ನೇ ನೋಡಿ. ಇಸಾವೊ ತಕಹಾತಾ ನಿರ್ದೇಶನ, ಹಯಾವೊ ಮಿಯಾಝಾಕಿ ದೃಶ್ಯಗಳ ವಿನ್ಯಾಸ. ಸ್ಪೇನಿನಲ್ಲಿ, ಜರ್ಮನಿಯಲ್ಲಿ, ಇಟಲಿಯಲ್ಲಿ ಒಂದಿಡೀ ತಲೆಮಾರು ಅದನ್ನು ನೋಡಿಕೊಂಡೇ ಬೆಳೆಯಿತು. ಅಮೆರಿಕದವರಿಗೆ ಮಾತ್ರ ಸುದ್ದಿಯಿಲ್ಲ.

ಅಲ್ಲಿ ತಡೆದದ್ದು ಎಷ್ಟೋ ಸಲ ಬರೀ ಲೆಕ್ಕ. ಅಮೆರಿಕದ ಟಿ.ವಿ. ಕೇಂದ್ರಗಳಿಗೆ ವಾರದ ಐದೂ ದಿನ ತುಂಬಿಸುವಷ್ಟು ಕಂತು ಬೇಕಿತ್ತು, ಕಡಿಮೆಯೆಂದರೆ 65. ಜಪಾನಿನ ಧಾರಾವಾಹಿ ವಾರಕ್ಕೊಂದರಂತೆ 26ಕ್ಕೋ 36ಕ್ಕೋ ಮುಗಿಯುತ್ತಿತ್ತು. 1985ರ ‘ರೋಬೊಟೆಕ್’ನವರು ಇದಕ್ಕೆ ಕಂಡುಕೊಂಡ ಉಪಾಯ ಇಕ್ಯುಗೂ ಹೊಳೆಯುತ್ತಿರಲಿಲ್ಲ: ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಧಾರಾವಾಹಿಗಳನ್ನು ಹೊಲಿದು 85 ಕಂತಿನ ಒಂದು ಕಥೆ ಮಾಡಿದರು. ಎರಡನೇ ತೊಡಕು ಧ್ವನಿಯದು. ಡಬ್ ಮಾಡಬೇಕೆಂದರೆ ಮಾತು ಒಂದು ಕಡೆ, ಸಂಗೀತ ಮತ್ತು ಸದ್ದು ಇನ್ನೊಂದು ಕಡೆ ಬೇರೆಯಾಗಿ ಇರಬೇಕು. ಹಳೆಯ ಎಷ್ಟೋ ಧಾರಾವಾಹಿಗಳಲ್ಲಿ ಎಲ್ಲ ಕಲಸಿದ ಒಂದೇ ಧ್ವನಿಪಟ್ಟಿ ಉಳಿದಿದೆ. ಆಗ ಕಾಲ್ಸಪ್ಪಳದಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ಹಳೇ ಮಾಲಿಗೆ ಅಷ್ಟು ದುಡ್ಡು ಯಾರು ಹಾಕುತ್ತಾರೆ?

ಇನ್ನು ಕೆಲವು ಹೊರಗೆ ಹೋಗುವುದಿರಲಿ, ಒಳಗೇ ಉಳಿಯಲಿಲ್ಲ. ನಮ್ಮ ಮಕ್ಕಳು ಹಂಗಾಮಾ ಟಿ.ವಿ.ಯಲ್ಲಿ ಹಿಂದಿಯಲ್ಲಿ ನೋಡಿಕೊಂಡು ಬೆಳೆದ ಡೋರೆಮಾನ್ ಅಸಲಿನಲ್ಲಿ 1979ರ ಅವತಾರ. ಅದಕ್ಕೂ ಮೊದಲು, 1973ರಲ್ಲಿ ನಿಪ್ಪಾನ್ ಟಿ.ವಿ.ಯಲ್ಲಿ ಇನ್ನೊಂದು ಡೋರೆಮಾನ್ ಬಂದು ಆರೇ ತಿಂಗಳಲ್ಲಿ ನಿಂತಿತ್ತು. ಅದರಲ್ಲಿ ಬೆಕ್ಕಿಗೆ ಮೊದಲು ಗಂಡಸಿನ ದನಿ, ನಡುವೆ ಹೆಂಗಸಿನ ದನಿ. ತಯಾರಿಸಿದ ಕಂಪನಿ ಬಾಗಿಲು ಹಾಕಿತು, ರೀಲುಗಳು ಚೆಲ್ಲಾಪಿಲ್ಲಿಯಾದವು. ಈಗ ಉಳಿದಿರುವುದು ಚೂರುಪಾರು. ‘ಆಸ್ಟ್ರೋ ಬಾಯ್’ 1963ರಲ್ಲಿ ಬರುವುದಕ್ಕೂ ಮುಂಚೆ, 1961ರಲ್ಲೇ ರ್‍ಯುಇಚಿ ಯೊಕೊಯಾಮಾ ಅವರ ಒತೊಗಿ ಪ್ರೊ ಸಂಸ್ಥೆ ‘ಇನ್‌ಸ್ಟಂಟ್ ಹಿಸ್ಟರಿ’ ಎಂಬ ಮೂರು ಮೂರು ನಿಮಿಷದ ಅನಿಮೆ ಧಾರಾವಾಹಿ ನಡೆಸಿತ್ತು. ಅದೂ ಬಹುಪಾಲು ಇಲ್ಲ.

ನಮ್ಮ ಕಥೆ ಮಾತ್ರ ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಜಪಾನಿನ ಅನಿಮೆಯನ್ನು ಕನ್ನಡಕ್ಕೆ ತರುವುದು ಕಸುಬಿನ ಮಟ್ಟಿಗೆ ಸುಲಭದ ಕೆಲಸ. ಅಲ್ಲಿ ಸಾಮಾನ್ಯವಾಗಿ ಚಿತ್ರ ಮೊದಲು, ಮಾತು ಆಮೇಲೆ. ಖರ್ಚು ಉಳಿಸಲು ಬಾಯಿಗೆ ಮೂರೇ ಚಿತ್ರ: ಮುಚ್ಚಿದ್ದು, ಅರೆತೆರೆದದ್ದು, ತೆರೆದದ್ದು. ಆ ಬಾಯಿಗೆ ಜಪಾನಿ ಎಷ್ಟು ಹೊಂದುತ್ತದೋ ಮಂಡ್ಯದ ಕನ್ನಡವೂ ಅಷ್ಟೇ ಹೊಂದುತ್ತದೆ. ತಡೆದದ್ದು ನಮ್ಮವರೇ. 60ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ಆಯಿತು. ಆಗಿನ ಮಟ್ಟಿಗೆ ಅದಕ್ಕೆ ಕಾರಣವಿತ್ತು, ಕನ್ನಡ ಚಿತ್ರರಂಗ ಇನ್ನೂ ಮದರಾಸಿನ ಸ್ಟುಡಿಯೊಗಳಲ್ಲಿ ಬಾಡಿಗೆಗೆ ಇತ್ತು. ಆಮೇಲೆ ಕಾರಣ ಸವೆದರೂ ಕಟ್ಟಳೆ ಉಳಿಯಿತು. ಕಾನೂನೇನೂ ಇರಲಿಲ್ಲ, ಉದ್ಯಮದವರ ಒಪ್ಪಂದವಷ್ಟೇ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಚಲನಚಿತ್ರ ವಾಣಿಜ್ಯ ಮಂಡಳಿಗೂ ಟೆಲಿವಿಷನ್ ಸಂಘಕ್ಕೂ ದಂಡ ಹಾಕುವವರೆಗೆ ಅದೇ ನಡೆಯಿತು. ಕನ್ನಡಕ್ಕೆ ಡಬ್ ಆದ ‘ಸತ್ಯದೇವ್ ಐಪಿಎಸ್’ ಥಿಯೇಟರಿಗೆ ಬಂದದ್ದು 2017ರಲ್ಲಿ.

ಇಷ್ಟರ ನಡುವೆ ಒಂದು ಕಿಂಡಿ ತೆರೆದಿತ್ತು. 2009ರಲ್ಲಿ ಚಿಂಟು ಟಿ.ವಿ. ಬಂತು, ಎಲ್ಲೆಲ್ಲಿಯದೋ ಕಾರ್ಟೂನುಗಳು ಕನ್ನಡ ಮಾತಾಡತೊಡಗಿದವು. ದೊಡ್ಡವರಿಗೆ ನಿಷಿದ್ಧವಾದದ್ದು ಮಕ್ಕಳಿಗೆ ನಡೆಯುತ್ತದೆ ಎಂಬುದು ಯಾವ ತರ್ಕವೋ, ಯಾರೂ ಕೇಳಲಿಲ್ಲ. ಕೇಳಿದ್ದರೆ ಅದೂ ನಿಲ್ಲುತ್ತಿತ್ತು. ಆ ಹೊತ್ತಿಗೆ ಅಕ್ಕನ ಮಗ ಎರಡು ವರ್ಷದವನು. ಅವನು ಕಲಿತ ಮೊದಲ ಬೈಗುಳ, ಬಹಳ ಸಭ್ಯವಾದದ್ದು, ಒಂದು ಕಾರ್ಟೂನ್ ಕರಡಿಯ ಬಾಯಿಂದ. ಆ ದನಿಗಳು ಯಾರವೆಂದು ಪರದೆಯ ಮೇಲೆ ಒಮ್ಮೆಯೂ ಓದಿದ ನೆನಪಿಲ್ಲ.

ಅಷ್ಟರಲ್ಲಿ ದಟ್ಟಗಳ್ಳಿ ಊರಾಗಿತ್ತು. ರಿಂಗ್ ರೋಡಿನವರೆಗೂ ಮನೆಗಳು, ಪ್ರತಿ ಮನೆಗೂ ಕೇಬಲ್. 2004ರಲ್ಲಿ ಶುರುವಾದ ಅನಿಮೆ ಚಾನೆಲ್ ಅನಿಮ್ಯಾಕ್ಸ್ ನಮ್ಮ ಕೇಬಲಿನಲ್ಲಿ ಕೊನೇ ನಂಬರಿನ ಹತ್ತಿರ, ಚುಕ್ಕೆ ಚುಕ್ಕೆಯಾಗಿ, ಇಂಗ್ಲಿಷಿನಲ್ಲಿ ಬರುತ್ತಿತ್ತು. ಕೇಬಲ್ ಹುಡುಗನನ್ನು ಕೇಳಿದರೆ, “ಸಾರ್, ಈ ಏರಿಯಾದಲ್ಲಿ ಅದನ್ನ ಕೇಳೋರು ನೀವೊಬ್ರೇ” ಎಂದ. ಇದ್ದರೂ ಇರಬಹುದು. 2013ರಲ್ಲಿ ಮೈಸೂರಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದಾಗ ಚುಕ್ಕೆಗಳೇನೋ ಹೋದವು. 2017ರಲ್ಲಿ ಅನಿಮ್ಯಾಕ್ಸೇ ಹೋಯಿತು.

ಕನ್ನಡಕ್ಕೆ ಬಾರದ್ದು ಜಪಾನಿನದಷ್ಟೇ ಆಗಿದ್ದರೆ ಬಿಡಬಹುದಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ 1987ರಲ್ಲಿ ನಾವು ನೋಡಿದ್ದು ಹಿಂದಿಯಲ್ಲಿ. ಗಿರೀಶ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್: ಕನ್ನಡದ ಮನೆಯೊಂದು ಕೂತು ಹಿಂದಿ ಮಾತಾಡಿತು. ಬರೆದ ಆರ್.ಕೆ. ನಾರಾಯಣ್ ಅವರ ಮನೆ ಇದೇ ಮೈಸೂರಿನ ಯಾದವಗಿರಿಯಲ್ಲಿದೆ, ಈಗ ಮ್ಯೂಸಿಯಂ. ಆ ಧಾರಾವಾಹಿ ಕನ್ನಡದಲ್ಲಿ ಜೀ಼ ವಾಹಿನಿಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ, ಹೊಸ ಧಾರಾವಾಹಿಗಳ ಶೂಟಿಂಗ್ ನಿಂತು ತೋರಿಸಲು ಬೇರೇನೂ ಇಲ್ಲದಾಗ. ಮೂವತ್ತಮೂರು ವರ್ಷ! ಜಪಾನಿನ ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಸೇರಿ ಮಾಡಿದ ಅನಿಮೆ ರಾಮಾಯಣವೂ ಹೀಗೇ. 1993ರಲ್ಲಿ ದೆಹಲಿಯ ಚಿತ್ರೋತ್ಸವದಲ್ಲಿ ಕಂಡದ್ದು, ದೇಶದ ಥಿಯೇಟರುಗಳಿಗೆ ಸರಿಯಾಗಿ ಬಂದದ್ದು 2025ರ ಜನವರಿಯಲ್ಲಿ, ಇಂಗ್ಲಿಷ್ ಬಿಟ್ಟರೆ ಹಿಂದಿ, ತಮಿಳು, ತೆಲುಗಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಎಂಬ ಅನಿಮೆ ಚಿತ್ರ ಬಂತು. ಜಪಾನಿ, ಇಂಗ್ಲಿಷಿನ ಜೊತೆಗೆ ಮತ್ತೆ ಅವೇ ಮೂರು ಭಾಷೆ. ಈಗ ಯಾರೂ ತಡೆಯುತ್ತಿಲ್ಲ. ಕನ್ನಡದಲ್ಲಿ ನೋಡುವವರು ಇದ್ದಾರೆ ಎಂದು ನಂಬುವವರು ಇಲ್ಲ, ಅಷ್ಟೇ. ಅರ್ಧ ಶತಮಾನ ತೋರಿಸದೇ ಇದ್ದು, ನೋಡುವ ಅಭ್ಯಾಸ ಎಲ್ಲಿ ಹೋಯಿತು ಅಂತ ಈಗ ಹುಡುಕುವುದು ವಿಚಿತ್ರ.

ಅಕ್ಕನ ಮಗನಿಗೆ ಈಗ ಹದಿನೆಂಟು. ರೂಮಿನ ಗೋಡೆಯ ಮೇಲೆ ನರುಟೊ, ಫೋನಿನಲ್ಲಿ ತೆಲುಗು ಡಬ್. ಅವನ ತೆಲುಗು ನನ್ನ ಹಿಂದಿಗಿಂತ ಚೆನ್ನಾಗಿದೆ. ಅವನಿಗೆ ಯಾವ ಕೊರಗೂ ಇಲ್ಲ, ಇರಬೇಕೆಂದು ನಾನು ಹೇಳುವುದೂ ಇಲ್ಲ. ಬೇಕಾದ್ದು ಬೇಕಾದಾಗ ಸಿಗುತ್ತದೆ, ಮೇಷ್ಟ್ರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾಯಬೇಕಿಲ್ಲ.

ಮೊನ್ನೆ ಅವನಿಗೆ ‘ಮಂಗಾ ನಿಪ್ಪಾನ್ ಮುಕಾಶಿ ಬನಾಶಿ’ಯ ವಿಷಯ ಹೇಳಿದೆ. 1975ರಿಂದ 1994ರವರೆಗೆ ನಡೆದ ಜಪಾನಿನ ಜನಪದ ಕಥೆಗಳ ಅನಿಮೆ. ರಾಜ, ರಾಕ್ಷಸಿ, ಮುದುಕ, ಇಲಿ, ಚಂದ್ರ, ಎಲ್ಲರಿಗೂ ಇಬ್ಬರದೇ ದನಿ: ಎತ್ಸುಕೊ ಇಚಿಹಾರಾ, ಫುಜಿಯೊ ತೋಕಿತಾ. ಇಬ್ಬರೇ ಸೇರಿ ಇಪ್ಪತ್ತು ವರ್ಷದ ಹತ್ತಿರ ಎಳೆದರು. ನಮ್ಮೂರಿನಲ್ಲಿ ರಂಗಾಯಣ ಇದೆ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಶುರುಮಾಡಿದ ಆಕಾಶವಾಣಿ ಇದೆ, ಇಂಥ ಇಬ್ಬರು ಸಿಗುವುದೇನು ಕಷ್ಟ? ಹಕ್ಕು ಸಿಕ್ಕರೆ ಇದೊಂದು, ಇಕ್ಯುವಿನ 296ರಲ್ಲಿ ಆರಿಸಿದ 26 ಕಂತು, ಇಷ್ಟು ಕನ್ನಡಕ್ಕೆ ಬಂದರೆ ಸಾಕು. ಮೊಗ್ಲಿ ಬೇಡ ಎಂದೆ.

“ಮಾವ, ಆ ಎರಡನೇದು, ಬೋಳುತಲೆ ಹುಡುಗ, ಅದು ಎಲ್ಲಿ ಸಿಗತ್ತೆ?”

ಹಾರ್ಡ್ ಡಿಸ್ಕ್ ಕೆಟ್ಟು ಹತ್ತು ವರ್ಷವಾಯಿತು ಎಂದೆ. ಅವನು ಫೋನಿನಲ್ಲಿ ಹುಡುಕಿದ. ಥಾಯ್ ಭಾಷೆಯ ಕೆಲವು ಕಂತು ಸಿಕ್ಕವು. ಒಂದನ್ನು ಪೂರ್ತಿ ನೋಡಿದ, ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿ, ಟ್ಯೂಷನ್ನಿಗೆ ಹೊತ್ತಾಯಿತು ಅಂತ ಸ್ಕೂಟರಿನ ಕೀ ಕೇಳಿದ.