ಚಿಲ್ಲರೆಗೆ ಕೆಲಸ ಹೋದ ಊರು

ಜೇಬಿನಲ್ಲಿ ಗರಿಗರಿ ನೋಟಿಟ್ಟುಕೊಂಡೂ ಹಸಿದು ಕೂರಬಹುದಾದ ಊರು ಸ್ಟಾಕ್‌ಹೋಮ್. ಬೇಕರಿಯ ಗಾಜಿನ ಮೇಲೆ ಚೀಟಿ ಅಂಟಿಸಿರುತ್ತಾರೆ: ನಗದು ತೆಗೆದುಕೊಳ್ಳುವುದಿಲ್ಲ. ಒಳಗೆ ಏಲಕ್ಕಿ ಬನ್ನು ಘಮಘಮ ಅನ್ನುತ್ತಿರುತ್ತದೆ. (ಏಲಕ್ಕಿಗೆ ಹೀಗೆ ಮನಸೋತ ಜನ ಮಲೆನಾಡಿನಾಚೆಯೂ ಇದ್ದಾರೆಂದು ಇಲ್ಲಿಗೆ ಬಂದಮೇಲೆಯೇ ತಿಳಿದದ್ದು.) ನೋಟು ಚಾಚಿದರೆ ಕೌಂಟರಿನ ಹುಡುಗಿ, ಮ್ಯೂಸಿಯಂನಿಂದ ಏನೋ ಕದ್ದು ತಂದವನನ್ನು ನೋಡಿದ ಹಾಗೆ ನೋಡುತ್ತಾಳೆ.

2012ರ ಡಿಸೆಂಬರಿನಲ್ಲಿ ಆರು ಬ್ಯಾಂಕುಗಳು ಸೇರಿ ‘ಸ್ವಿಶ್’ ಎಂಬ ಫೋನಿನ ಪಾವತಿ ತಂದವು. ಚಿಲ್ಲರೆಗೆ ಕೆಲಸ ಹೋಯಿತು. ಹಳೆ ಆಟಿಕೆ ಮಾರಲು ಪಾರ್ಕಿನಲ್ಲಿ ಚಾಪೆ ಹಾಸಿ ಕೂತ ಮಕ್ಕಳು ರಟ್ಟಿನ ಮೇಲೆ ಅಮ್ಮನ ಸ್ವಿಶ್ ನಂಬರು ಬರೆದಿಟ್ಟಿರುತ್ತಾರೆ. ಚರ್ಚಿನ ಕಾಣಿಕೆಯೂ ಫೋನಿನಲ್ಲೇ. ಮೆಟ್ರೋ ಬಾಗಿಲಲ್ಲಿ ಪತ್ರಿಕೆ ಮಾರುವ, ಸೂರಿಲ್ಲದ ಮನುಷ್ಯನಿಗೂ ಹಾಗೇ ಕೊಡಬಹುದು. ‘ಚಿಲ್ಲರೆ ಇಲ್ಲಪ್ಪಾ, ಮುಂದೆ ಹೋಗು’ ಎಂದು ನಾವು ತಲತಲಾಂತರದಿಂದ ಹೇಳಿಕೊಂಡು ಬಂದ ಸುಳ್ಳು ಇಲ್ಲಿ ಚಲಾವಣೆಯಲ್ಲಿಲ್ಲ. ಜಿಪುಣರಿಗೆ ಬಲು ಕಷ್ಟದ ದೇಶ. ಕಳ್ಳರಿಗೂ ಅಷ್ಟೇ: 2013ರಲ್ಲಿ ಇಲ್ಲಿನ ಬ್ಯಾಂಕೊಂದಕ್ಕೆ ನುಗ್ಗಿದವನೊಬ್ಬ, ಆ ಶಾಖೆಯಲ್ಲಿ ನಗದೇ ಇಡುವುದಿಲ್ಲವೆಂದು ಗೊತ್ತಾಗಿ ಬರಿಗೈಯಲ್ಲಿ ಹೊರಟುಹೋದ. ಪಾಪ ಅನಿಸಿತು.

ಯೂರೋಪಿಗೆ ಕಾಗದದ ದುಡ್ಡು ಕಲಿಸಿದವರೇ ಈ ಸ್ವೀಡನ್ನಿನವರು. 1644ರಲ್ಲಿ ಇವರು ಹೊರಡಿಸಿದ ಹತ್ತು ದಾಲರಿನ ‘ನಾಣ್ಯ’ ಸುಮಾರು ಇಪ್ಪತ್ತು ಕಿಲೋ ತೂಗುವ ತಾಮ್ರದ ಹಲಗೆ. ಹೊತ್ತು ಹೊತ್ತು ಸೋತವರಿಗೆ ಪಾಲ್ಮ್‌ಸ್ಟ್ರುಕ್ ಎಂಬಾತ 1661ರಲ್ಲಿ ನೋಟು ಮಾಡಿಕೊಟ್ಟ. ಕೈ ತಡೆಯದೆ ಬೇಕಾಬಿಟ್ಟಿ ಅಚ್ಚು ಹಾಕಿ ತನ್ನ ಬ್ಯಾಂಕನ್ನು ಮುಳುಗಿಸಿದ. ಮರಣದಂಡನೆಯಾಗಿ, ಆಮೇಲೆ ಅದು ಜೈಲಿಗೆ ಇಳಿಯಿತು. ಅದೇ ಜನಕ್ಕೆ ಈಗ ನೋಟು ಬೇಡ. ‘ಮನಿ, ಮನಿ, ಮನಿ’ ಎಂದು ಹಾಡಿ 1976ರಲ್ಲಿ ಜಗತ್ತನ್ನೇ ಕುಣಿಸಿದ ಆಬಾ ತಂಡದ ಬ್ಯೋರ್ನ್ ಉಲ್ವೇಯಸ್ ಕೂಡ, ಮಗನ ಮನೆಗೆ ಕಳ್ಳರು ನುಗ್ಗಿದಮೇಲೆ ನಗದಿನ ಕಡುವೈರಿ. 2013ರಲ್ಲಿ ತೆರೆದ ಆ ತಂಡದ ಮ್ಯೂಸಿಯಂನಲ್ಲಿ ಮನಿ ನಡೆಯಲಿಲ್ಲ, ಕಾರ್ಡು ಮಾತ್ರ.

ನನಗೆ ನೋಟಿಗಿಂತ ಚಿಲ್ಲರೆಯ ಸುತ್ತಲಿನ ಮಾತು ನೆನಪಾಗುತ್ತದೆ. ‘ಎರಡು ರೂಪಾಯಿ ನಾಳೆ ಕೊಡಿ ಸ್ವಾಮಿ’ ಎನ್ನುವ ಶೆಟ್ಟರು, ಚಿಲ್ಲರೆಯ ಬದಲು ಕೈಗೆ ತುರುಕುವ ಚಾಕಲೇಟು. ಕೊಟ್ಟು ತೆಗೆದುಕೊಳ್ಳುವುದು ಬಾಕಿ ಉಳಿದಷ್ಟು ದಿನ ಅಂಗಡಿಗೂ ಮನೆಗೂ ಒಂದು ನೆಂಟಸ್ತಿಕೆ. ಇಲ್ಲಿ ಯಂತ್ರ ‘ಪೀಂ’ ಎಂದರೆ ಋಣ ಹರಿಯಿತು.

ಹೀಗಿರುವಾಗ 2024ರ ನವೆಂಬರಿನಲ್ಲಿ ಸರ್ಕಾರದ ಕಿರುಹೊತ್ತಗೆ ಮನೆಮನೆಗೂ ಬಂತು. ಸಂಕಟವೋ ಯುದ್ಧವೋ ಬಂದರೆ ಏನು ಮಾಡಬೇಕು ಎಂಬ ಬುದ್ಧಿವಾದ. ನೀರು, ಟಾರ್ಚು, ರೇಡಿಯೋಗಳ ಜೊತೆಗೆ ಒಂದು ವಾರಕ್ಕಾಗುವಷ್ಟು ನಗದು ಇಟ್ಟುಕೊಳ್ಳಿ ಎಂದೂ ಬರೆದಿತ್ತು. ನನ್ನಜ್ಜಿಗೆ ಸಾಸಿವೆ ಡಬ್ಬಿಯ ತಳದಲ್ಲಿ ದುಡ್ಡಿಡಲು ಯಾವ ಸರ್ಕಾರವೂ ಹೇಳಿರಲಿಲ್ಲ. ಪಕ್ಕದ ಮನೆಯ ಮುದುಕಿ ಉತ್ಸಾಹದಿಂದ ಬಿಸ್ಕತ್ತಿನ ಡಬ್ಬಿ ತೆರೆದರು. ಸಿಕ್ಕಿದ್ದು ಲೇಖಕಿ ಸೆಲ್ಮಾ ಲಾಗರ್ಲೋಫ್ ಚಿತ್ರದ ಇಪ್ಪತ್ತು ಕ್ರೋನಾ ನೋಟುಗಳು, 2016ರಲ್ಲೇ ರದ್ದಾದವು.

ಈಗಿನ ಇಪ್ಪತ್ತರ ನೋಟಿನಲ್ಲಿ ಇರುವವರು ಮಕ್ಕಳ ಕತೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್, ಜೊತೆಗೆ ಅವರ ಕತೆಯ ಹುಡುಗಿ ಪಿಪ್ಪಿ. ಪೆಟ್ಟಿಗೆ ತುಂಬ ಚಿನ್ನದ ನಾಣ್ಯವಿದ್ದು, ಊರ ಮಕ್ಕಳಿಗೆಲ್ಲ ಕಿಲೋಗಟ್ಟಲೆ ಮಿಠಾಯಿ ಕೊಡಿಸಿದವಳು. ಇವತ್ತು ಅಂಗಡಿಗೆ ಹೋದರೆ ‘ಸ್ವಿಶ್ ಮಾಡಮ್ಮ’ ಅನ್ನುತ್ತಾರೆ. ಅದಕ್ಕೆ ಬ್ಯಾಂಕ್‌ಐಡಿ ಎಂಬ ಡಿಜಿಟಲ್ ಗುರುತು ಬೇಕು, ಬ್ಯಾಂಕ್‌ಐಡಿಗೆ ದೊಡ್ಡವರ ಒಪ್ಪಿಗೆ ಬೇಕು. ಹುಡುಗಿಗೆ ಒಂಬತ್ತು ವರ್ಷ, ಅಮ್ಮ ಸ್ವರ್ಗದಲ್ಲಿ, ಹಡಗಿನ ಕಪ್ತಾನನಾದ ಅಪ್ಪ ಸಮುದ್ರದ ಯಾವ ಮೂಲೆಯಲ್ಲೋ. ಸಹಿ ಯಾರು ಹಾಕುತ್ತಾರೆ?