ಒಂದು ಎಲೆಕ್ಟ್ರಾನ್ ಕಳೆದರೆ

ಕಳೆದ ತಿಂಗಳು ಬಿಎಸ್ಸಿ ಟ್ಯುಟೋರಿಯಲ್‌ನಲ್ಲಿ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ: ನೈಟ್ರೋಜನ್ ಅಣುವಿನಿಂದ ಒಂದು ಎಲೆಕ್ಟ್ರಾನ್ ತೆಗೆದರೆ ಬಂಧದ ಉದ್ದ ಏನಾಗುತ್ತದೆ? ಆಕ್ಸಿಜನ್‌ನಿಂದ ತೆಗೆದರೆ? ಎಲೆಕ್ಟ್ರಾನುಗಳೇ ಪರಮಾಣುಗಳನ್ನು ಹಿಡಿದಿಟ್ಟಿವೆ ಎಂದು ಪಿಯುಸಿಯಿಂದ ಕೇಳಿಕೊಂಡು ಬಂದ ಹುಡುಗರು, ಎರಡೂ ಕಡೆ ಬಂಧ ಸಡಿಲವಾಗಿ ಉದ್ದವಾಗುತ್ತದೆ ಎಂದರು.

ನೈಟ್ರೋಜನ್ನಿನ ಮಟ್ಟಿಗೆ ಅದು ಸರಿ. 1.10 ಆಂಗ್‌ಸ್ಟ್ರಾಮ್ ಇದ್ದದ್ದು 1.12 ಆಗುತ್ತದೆ. ಆಕ್ಸಿಜನ್ ಮಾತ್ರ ಉಲ್ಟಾ. 1.21 ಇದ್ದದ್ದು 1.12ಕ್ಕೆ ಇಳಿಯುತ್ತದೆ. ಅಲ್ಲಿ ಹೊರಬೀಳುವ ಎಲೆಕ್ಟ್ರಾನ್ ಇದ್ದದ್ದು ಆಂಟಿಬಾಂಡಿಂಗ್ ಆರ್ಬಿಟಲ್‌ನಲ್ಲಿ. ಅಲ್ಲಿರುವಷ್ಟು ದಿನ ಅದು ಬಂಧವನ್ನು ದುರ್ಬಲಗೊಳಿಸುತ್ತದೆ. ಅದು ಹೋದರೆ ಬಾಂಡ್ ಆರ್ಡರ್ 2ರಿಂದ 2.5ಕ್ಕೆ ಏರುತ್ತದೆ. ಅದೇ ಆರ್ಬಿಟಲ್‌ಗಳಿಗೆ ಇನ್ನೆರಡು ಎಲೆಕ್ಟ್ರಾನ್ ಸೇರಿ ಪೆರಾಕ್ಸೈಡ್ ಅಯಾನು ಆದರೆ ಆರ್ಡರ್ 1, ಉದ್ದ ಸುಮಾರು 1.49.

ಪಾಠ ಮುಗಿಸಿ ಹಾಸ್ಟೆಲ್ಲಿಗೆ ಬಂದರೆ ಅಪ್ಪನ ಮಿಸ್ಡ್ ಕಾಲ್ ಇತ್ತು. ಎಂಟು ತಿಂಗಳ ಹಿಂದೆ ನನ್ನ ಫೆಲೋಶಿಪ್ ಅವಧಿ ಮುಗಿದಿತ್ತು. ಅಪ್ಪನಿಗೆ ಹೇಳಿರಲಿಲ್ಲ. ಗೆಳತಿಯ ಹತ್ತಿರ ಸಾಲ ಮಾಡಿ ಪ್ರತಿ ತಿಂಗಳೂ ಮನೆಗೆ ದುಡ್ಡು ಕಳಿಸುತ್ತಿದ್ದೆ. ಅವರು ಏನಾದರೂ ಕೇಳಿಬಿಟ್ಟರೆ ಎಂಬ ಹೆದರಿಕೆಗೆ ಫೋನ್ ಎತ್ತುವುದನ್ನೇ ಕಡಿಮೆ ಮಾಡಿದ್ದೆ.

ಅವತ್ತು ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಬೈದರು. ಸಾಲ ಮಾಡಿದ್ದಕ್ಕೆ ಇನ್ನೂ ಜೋರಾಗಿ ಬೈದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಪುಟ್ಟಿ, ನೀನು ಅಲ್ಲಿ ಅಷ್ಟು ವರ್ಷದಿಂದ ಮಾಡ್ತಿರೋದಾದ್ರೂ ಏನು?" ಎಂದು ಮೊದಲ ಸಲ ಕೇಳಿದರು. ಆಕ್ಸಿಜನ್ ಕಥೆಯಿಂದಲೇ ಶುರು ಮಾಡಿದೆ. ನಲವತ್ತು ನಿಮಿಷ ಮಾತಾಡಿದೆವು.

ಕಳೆದುಕೊಂಡದ್ದೆಲ್ಲ ಹತ್ತಿರ ತರುತ್ತದೆ ಎಂದು ನಾನು ಹೇಳಲಾರೆ. ಅಜ್ಜಿ ಹೋದ ಮೇಲೆ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತೇಹೋಯಿತು. ಅವಳು ನಮ್ಮ ಮನೆಯನ್ನು ಹಿಡಿದಿಟ್ಟಿದ್ದಳೆಂದು ಗೊತ್ತಾದದ್ದು ಆಮೇಲೆ. ಅಣುಗಳಾದರೆ ಆರ್ಬಿಟಲ್ ತುಂಬಿಸುತ್ತಾ ಹೋಗಿ ಮೊದಲೇ ಹೇಳಿಬಿಡಬಹುದು. ಮನೆಯ ವಿಷಯದಲ್ಲಿ ತೆಗೆದು ನೋಡಿದ ಮೇಲೇ ಉದ್ದ ತಿಳಿಯುವುದು.

ಸಾಲ ಇನ್ನೂ ತೀರಿಲ್ಲ. ಥೀಸಿಸ್‌ನ ಎರಡು ಅಧ್ಯಾಯ ಬಾಕಿ ಇವೆ. ಅಪ್ಪನ ಫೋನ್ ಬಂದರೆ ಈಗ ಎತ್ತುತ್ತೇನೆ.