ಹದಿನೇಳರ ಸ್ಪ್ಯಾನರ್

ಈ ಸಲ ಚೌತಿಗೆ ಊರಿಗೆ ಹೋದವನು ಹದಿನೈದು ದಿನ ಅಲ್ಲೇ ಉಳಿದೆ. ಹಬ್ಬ ಮುಗಿದ ಮೇಲೆ ಚಕ್ಕುಲಿ, ಪಂಚಕಜ್ಜಾಯ ಕಟ್ಟಿಕೊಂಡು ಹಳದೀಪುರದಿಂದ ಭಟ್ಕಳದ ಅಕ್ಕನ ಮನೆಗೆ ಹೊರಟೆವು. ನಮ್ಮದು 2006ರ ಮಾರುತಿ 800. ಓಡಿಸುವವನು ಅಪ್ಪನೇ. ಅರವತ್ತೆಂಟಾದರೂ ಆ ಸೀಟು ಬೇರೆ ಯಾರಿಗೂ ಸಿಗುವುದಿಲ್ಲ. ಹೊನ್ನಾವರದಲ್ಲಿ ಶರಾವತಿ ದಾಟಿದ್ದಾಯಿತು. ಮಂಕಿಯಲ್ಲಿ ಹಾಕಿದ ಇಂಡಿಕೇಟರ್ ಮುರುಡೇಶ್ವರ ಬಂದರೂ ಟಿಕ್ ಟಿಕ್ ಅನ್ನುತ್ತಲೇ ಇತ್ತು. ವಯಸ್ಸಾಯ್ತು, ಮರೆವು ಅಂತ ನಾನು ನಕ್ಕು ಸುಮ್ಮನಾದೆ.

ಭಟ್ಕಳದ ಶಂಸುದ್ದೀನ್ ಸರ್ಕಲ್ ದಾಟಿ ಅಕ್ಕನ ಓಣಿಗೆ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಎಡ ಮುಂಚಕ್ರದಿಂದ ಟಕ್ ಟಕ್ ಟಕ್ ಅಂತ ಸದ್ದು. ಚಕ್ರ ನೇರವಾದಕೂಡಲೇ ನಿಂತಿತು.

"ಅಪ್ಪ, ಏನೋ ಸದ್ದು ಬಂತು."

"ಎಂತದೂ ಇಲ್ಲೆ. ರಸ್ತೆ ಹಂಗಿದ್ದು."

ಇವನ ಕಾರಿಗೆ ಹೆಸರಿಡುವ ಹಾಗಿಲ್ಲವಲ್ಲ, ಬಿಟ್ಟೆ.

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರ್. ಕೈಗೆ ಗ್ರೀಸ್ ತಾಗಿ ಏಳೆಂಟು ವರ್ಷವಾಗಿತ್ತು. ಆದರೂ ಆ ಸದ್ದಿನ ಗುರುತು ಸಿಕ್ಕಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಎಂಜಿನ್ನು ತಿರುಗಿಸುತ್ತಿದ್ದದ್ದು ಹಿಂದಿನ ಚಕ್ರಗಳನ್ನು. 1983ರಲ್ಲಿ ಬಂದ ಮಾರುತಿ 800ರಲ್ಲಿ ಆ ಕೆಲಸ ಮುಂದಿನ ಚಕ್ರಗಳದ್ದು. ಮುಂಚಕ್ರ ಎಡಕ್ಕೆ ಬಲಕ್ಕೆ ಹೊರಳಬೇಕು, ಗುಂಡಿಯಲ್ಲಿ ಏಳಬೇಕು ಇಳಿಯಬೇಕು, ಜೊತೆಗೆ ಒಂದೇ ವೇಗದಲ್ಲಿ ತಿರುಗುತ್ತಲೂ ಇರಬೇಕು. ಜೀಪಿನ ಉದ್ದ ಶಾಫ್ಟಿನಲ್ಲಿರುವ ಕ್ರಾಸ್ ಬಾಗಿದರೆ ಪ್ರತಿ ಸುತ್ತಿನಲ್ಲೂ ವೇಗ ಏರಿ ಇಳಿಯುತ್ತದೆ. ಅದು ಇಲ್ಲಿ ನಡೆಯದು. ಅದಕ್ಕೇ ಸಿ.ವಿ. ಜಾಯಿಂಟ್. ಬಟ್ಟಲಿನಂಥ ಉಕ್ಕಿನೊಳಗೆ ಬಾಗಿದ ಗಾಡಿಗಳು, ಅವುಗಳಲ್ಲಿ ಉರುಳುವ ಆರು ಉಕ್ಕಿನ ಗುಂಡುಗಳು. ಇದನ್ನು 1920ರ ದಶಕದಲ್ಲಿ ರೂಪಿಸಿದವನು ಫೋರ್ಡ್ ಕಂಪನಿಯ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರ್. ಇಷ್ಟೆಲ್ಲ ನಾಜೂಕನ್ನು ಕಾಯುವುದು ಮಾತ್ರ ಮಡಿಕೆ ಮಡಿಕೆಯ ಒಂದು ರಬ್ಬರ್ ಚೀಲ. ಗ್ಯಾರೇಜಿನವರು ಅದನ್ನು ಬೂಟ್ ಅನ್ನುತ್ತಾರೆ. ಅದು ಹರಿದರೆ ಒಳಗಿನ ಗ್ರೀಸು ಹೊರಗೆ, ನಮ್ಮ ಕಡೆಯ ಮಳೆನೀರು, ಹೊಯಿಗೆ ಒಳಗೆ.

ಮನೆಗೆ ಬಂದು ಬಗ್ಗಿ ನೋಡಿದರೆ ಎಡ ಚಕ್ರದ ಒಳಬದಿಗೆಲ್ಲ ಕರಿ ಗ್ರೀಸು ಎರಚಿತ್ತು. ನಾನೇ ಮಾಡ್ತೇನೆ ಅಂದೆ. ಕುಮಟೆಗೆ ಹೋಗಿ ಎರಡೂ ಬದಿಗೆ ಬೂಟ್ ಕಿಟ್ ತಂದೆ, ಒಂದಕ್ಕೆ ನಾನೂರು ರೂಪಾಯಿ. ಹೊನ್ನಾವರದ ನಮ್ಮ ಮೆಕ್ಯಾನಿಕ್ ಹತ್ತಿರ ಎರಡು ಸ್ಟ್ಯಾಂಡ್ ಎರವಲು ಕೇಳಿದೆ. ಚಿರೆಕಲ್ಲು ಪೇರಿಸಿ ಕಾರು ನಿಲ್ಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಕಲ್ಲು ಯಾವಾಗ ಒಡೆಯುತ್ತದೆಂದು ಹೇಳಲಾಗದು. ಬರೀ ಜಾಕ್ ನಂಬಿಯೂ ಅಡಿಗೆ ಹೋಗಬೇಡಿ.

ಭಾನುವಾರ ಅಂಗಳದಲ್ಲಿ ಕೆಲಸ ಶುರು. ಚಕ್ರ ನೆಲದ ಮೇಲಿರುವಾಗಲೇ ಆಯಿ ಬ್ರೇಕ್ ಒತ್ತಿ ಕೂತಳು, ನಾನು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ನಡುವಿನ ದೊಡ್ಡ ನಟ್ಟು ಸಡಿಲಿಸಿದೆ. ಆಮೇಲೆ ಕಾರು ಎತ್ತಿ ಗೇರ್ ಆಯಿಲ್ ಇಳಿಸಿದೆ. ಅಡಿಯಲ್ಲಿ ಮಲಗಿಕೊಂಡು, "ಅಪ್ಪ, ಹದಿನೇಳರ ಸ್ಪ್ಯಾನರ್ ಕೊಡು" ಅಂದೆ. ಹದಿನಾಲ್ಕರದ್ದು ಕೊಟ್ಟ. ಮತ್ತೆ ಕೇಳಿದೆ, ಮತ್ತೆ ಹದಿನಾಲ್ಕು. "ಎಷ್ಟು ಸಲ ಹೇಳೋದು, ಹದಿನೇಳು!" ಎಂದು ರೇಗಿದೆ. ಗಣಿತದ ಮಾಸ್ತರಾಗಿ ರಿಟೈರಾದ ಅಪ್ಪ ಏನೂ ಹೇಳದೆ ಇಡೀ ಸೆಟ್ಟನ್ನೇ ನನ್ನ ತಲೆ ಹತ್ತಿರ ಇಟ್ಟು ಒಳಗೆ ಹೋದ.

ಆಕ್ಸಲ್ ಹೊರಗೆ ಬಂತು. ಈ ಕಾರಿನಲ್ಲಿ ಚಕ್ರದ ಬದಿಯ ಜಾಯಿಂಟನ್ನು ಬಿಚ್ಚುವಂತಿಲ್ಲ. ಗೇರ್‌ಬಾಕ್ಸ್ ಬದಿಯದನ್ನು ಕಳಚಿ, ಆ ತುದಿಯಿಂದಲೇ ಬೂಟ್ ತೂರಿಸಿಕೊಂಡು ಬರಬೇಕು. ಆದರೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬರಲಿಲ್ಲ. ಹರಿದ ಬೂಟ್ ಕತ್ತರಿಸಿದರೆ ಗ್ರೀಸಿನ ಜಾಗದಲ್ಲಿ ಕೆಂಪು ಕೆಸರು. ಸೀಮೆಎಣ್ಣೆಯಲ್ಲಿ ತೊಳೆದು ಕೈಯಲ್ಲಿ ಆಡಿಸಿದರೆ ಗುಂಡುಗಳು ತಡೆದು ತಡೆದು ಹೊರಳುತ್ತಿದ್ದವು. ಹೊಸ ರಬ್ಬರು, ಹೊಸ ಗ್ರೀಸು ಹಾಕಿ ಉಪಯೋಗವಿರಲಿಲ್ಲ.

ಬೈಕಿನಲ್ಲಿ ಅದನ್ನು ಹೊನ್ನಾವರಕ್ಕೆ ಒಯ್ದು ತೋರಿಸಿದೆ. ಮೆಕ್ಯಾನಿಕ್ ಒಮ್ಮೆ ತಿರುಗಿಸಿ ಕೆಳಗಿಟ್ಟ. "ಇದು ಮಳೆಗಾಲಕ್ಕಿಂತ ಮುಂಚೆನೇ ಹರ್ದದ್ದು. ಮೂರ್ನಾಲ್ಕು ತಿಂಗಳಿಂದ ಹೊಡ್ಕೊಳ್ತಾ ಇರ್ಬೇಕು. ಮಾಸ್ತರಿಗೆ ಕೇಳ್ಲಿಲ್ವಾ? ಟ್ಯಾಪೆಟ್ ಚೂರು ಸದ್ದು ಮಾಡಿದ್ರೂ ಬರೋರು ಅವ್ರು."

ವಾಪಸ್ ಬರುವಾಗ ಬೈಕ್ ಮೇಲೆ ಒಂದೊಂದೇ ನೆನಪಾಯಿತು. ಇಂಡಿಕೇಟರ್. ನಾನು ಫೋನ್ ಮಾಡಿದರೆ "ತಡೆ, ಆಯಿಗೆ ಕೊಡ್ತೆ" ಅನ್ನುವುದು. ಹದಿನೇಳು, ಹದಿನಾಲ್ಕು.

ಹಿತ್ತಿಲಲ್ಲಿ ಆಯಿಯನ್ನು ಕೇಳಿದೆ. ಅವಳು ತೊಂಡೆಕಾಯಿ ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ಎರಡು ವರ್ಷ ಆತು ತಮಾ. ನಿಂಗೆ ಹೇಳಡ ಅಂದಿದ್ರು. ಗೊತ್ತಾದ್ರೆ ನೀ ಕಾರು ಬಿಡಸ್ತೆ ಹೇಳಿ ಹೆದರಿಕೆ."

ಹೆದರಿದ್ದು ಸುಳ್ಳಲ್ಲ. ಭಟ್ಕಳದಿಂದ ಬರುವಾಗ ಇವನ ಕೈಯಿಂದ ಕೀ ತಗೋಬೇಕು ಅಂತ ನಾನು ಒಮ್ಮೆ ಯೋಚಿಸಿದ್ದೆ.

ಬೂಟಿನ ಹತ್ತು ಪಟ್ಟು ಬೆಲೆಗೆ ಹೊಸ ಆಕ್ಸಲ್ ಬಂತು. ಬಲಬದಿಯ ಜಾಯಿಂಟ್ ಚೆನ್ನಾಗಿಯೇ ಇತ್ತು, ಅದಕ್ಕೆ ಬೂಟ್ ಮಾತ್ರ ಬದಲಿಸಿದೆ. ಈ ಸಲ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಮುಖ ನೋಡಿ, ಬೆರಳು ತೋರಿಸಿ ಕೇಳಿದೆ. ಒಂದು ಸ್ಪ್ಯಾನರೂ ತಪ್ಪಲಿಲ್ಲ. ಕೊನೆಯ ಕ್ಲ್ಯಾಂಪ್ ಬಿಗಿದ ಮೇಲೆ, "ಮಣಿಪಾಲಕ್ಕೆ ಹೋಪನ, ಕಿವಿ ತೋರಿಸ್ಕೊಂಡು ಬಪ್ಪ" ಅಂದೆ. ಅಪ್ಪ ಕೈಯ ಗ್ರೀಸು ಒರೆಸುತ್ತಾ ಬಹಳ ಹೊತ್ತು ಸುಮ್ಮನಿದ್ದ.

"ಕಾರು ಯಾರು ಹೊಡೀತ?"

"ನೀನೇ."

ಅಷ್ಟು ದೂರವೂ ಅವನೇ ಓಡಿಸಿದ. ಇಂಡಿಕೇಟರ್ ನಾನು ನೋಡಿಕೊಂಡೆ. ಕಿವಿಗೆ ಮಶಿನ್ನು ಹಾಕಿಸಲು ಇನ್ನೊಂದು ಸಲ ಹೋಗಬೇಕಾಯಿತು. ಅದು ತಲೆಯೊಳಗೆ ಗುಂಯ್ ಅನ್ನುತ್ತದೆ, ಉಣ್ಣುವಾಗ ಹಪ್ಪಳದ ಸದ್ದು ದೊಡ್ಡದಾಗುತ್ತದೆ ಎಂದು ಇವತ್ತಿಗೂ ಬೈಯುತ್ತಾನೆ, ಮನೆಯಲ್ಲಿ ತೆಗೆದಿಡುತ್ತಾನೆ. ಆದರೆ ಹಾಕಿಸಿಕೊಂಡು ಬರುವ ದಿನ, ಮಂಕಿ ಹತ್ತಿರ ಲಾರಿ ಹಿಂದೆ ಹಾಕಿದ ಮೇಲೆ, ಡ್ಯಾಶ್‌ಬೋರ್ಡ್ ಕಡೆ ಬಗ್ಗಿ ಕೇಳಿದ:

"ಇದೆಂತಕೋ ಹಿಂಗೆ ಟಿಕ್ ಟಿಕ್ ಬಡ್ಕತ್ತಾ ಇದ್ದು?"